ಸ್ಪಷ್ಟನೆ: ರಕಲ್ಸ್‌ಹೌಸ್ ಡಿಡಿಟಿ ನಿಷೇಧಿಸಿದ್ದು ಅಮೆರಿಕದಲ್ಲಿ ಮಾತ್ರ

ಅಮೆರಿಕದ ಅಧಿಕಾರಿ ವಿಲಿಯಂ ರಕಲ್ಸ್‌ಹೌಸ್ ಸೊಳ್ಳೆ, ಕೀಟಗಳನ್ನು ಕೊಲ್ಲುವ ಡಿಡಿಟಿಯನ್ನು ಇಡೀ ಜಗತ್ತಿನಲ್ಲಿ ನಿಷೇಧಿಸಿದರು, ಅದರಿಂದಲೇ ಬಡ ದೇಶಗಳಲ್ಲಿ ಮಲೇರಿಯಾ ಜಾಸ್ತಿಯಾಯಿತು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಅವರು 1953ರಿಂದ 1955ರವರೆಗೆ ಅಮೆರಿಕದ ಸೇನೆಯಲ್ಲಿದ್ದರು. ಆಮೇಲೆ ಇಂಡಿಯಾನಾ ರಾಜ್ಯದ ಶಾಸಕ, 1970ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೊದಲ ಮುಖ್ಯಸ್ಥ. ಬೇರೆ ದೇಶಗಳ ಮೇಲೆ ಅವರಿಗೆ ಅಧಿಕಾರ ಎಲ್ಲಿತ್ತು? 1972ರ ಜೂನ್‌ನ ಅವರ ಆದೇಶ ಅಮೆರಿಕದೊಳಗೆ, ಮುಖ್ಯವಾಗಿ ಬೆಳೆಗಳಿಗೆ ಡಿಡಿಟಿ ಹೊಡೆಯುವುದನ್ನು ನಿಲ್ಲಿಸಿತು. ರೋಗ ತಡೆಯಲು ಬಳಸುವುದಕ್ಕೆ ವಿನಾಯಿತಿ ಇತ್ತು. ರಫ್ತಿಗೂ ಅಡ್ಡಿ ಇರಲಿಲ್ಲ. ಅದಾದ ಮೇಲೂ ನಮ್ಮ ದೇಶದಲ್ಲಿ ಮನೆ ಗೋಡೆಗಳಿಗೆ ಡಿಡಿಟಿ ಹೊಡೆಯುತ್ತಿದ್ದರು. ಹಿರಿಯರನ್ನು ಕೇಳಿ, ಆ ವಾಸನೆ ನೆನಪಿರುತ್ತದೆ.

ಒಂದು ಮಾತು ಮಾತ್ರ ನಿಜ: ಆದೇಶಕ್ಕೆ ಮೊದಲು ಡಿಡಿಟಿ ಬಗ್ಗೆ ವಿಚಾರಣೆ ನಡೆಸಿದ ಅಧಿಕಾರಿ ನಿಷೇಧ ಬೇಡ ಎಂದಿದ್ದರು, ರಕಲ್ಸ್‌ಹೌಸ್ ಒಪ್ಪಲಿಲ್ಲ.