ಮೆಟ್ಟಿಲು ಎಷ್ಟು ಅಂತ ಮೊದಲೇ ಹೇಳಿಬಿಡ್ರಿ

ಹಡಗಿನಲ್ಲಿ ಟೂರ್ ಬುಕ್ ಮಾಡುವ ಮೇಜಿನ ಹುಡುಗಿ ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ಕೊನೆಗೆ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದಳು. ಒಂದೇ ಸಲಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರಿ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅವ್ವ ‘ಫೋರ್. ರೇಲಿಂಗ್ ಇದ್ರ ಸಿಕ್ಸ್’ ಅಂದಳು. ಮೊಣಕಾಲು ಕೈಕೊಟ್ಟು ವರ್ಷಗಳೇ ಆದವು. ಅವ್ವ ಇಷ್ಟು ಪಕ್ಕಾ ಲೆಕ್ಕ ಇಟ್ಟಿದ್ದಾಳೆಂದು ವಿದ್ಯಾನಗರದ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೇಳಿದವರಿದ್ದರಲ್ಲವೇ ಗೊತ್ತಾಗುವುದು!

ನಾನಿರುವುದು ಸಿಯಾಟಲ್‌ನಲ್ಲಿ. ಬೇಸಿಗೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಅವ್ವನನ್ನು ಅಲಾಸ್ಕಾದ ಹಡಗಿಗೆ ಕರೆದೊಯ್ದಿದ್ದೆ. ಯಾವ ಬಂದರಿನಲ್ಲಿ ಇಳಿದು ಏನೇನು ನೋಡಬಹುದು ಎಂಬ ಪಟ್ಟಿ ಮೊದಲೇ ಸಿಗುತ್ತದೆ. ಬೆಟ್ಟ, ಹಿಮ, ತಿಮಿಂಗಿಲಗಳ ವರ್ಣನೆ ಬಿಡಿ, ಅದು ಎಲ್ಲರೂ ಬರೆಯುವಂಥದ್ದೇ. ನನಗೆ ಹಿಡಿಸಿದ್ದು ಕೆಳಗಿನ ಸಣ್ಣಕ್ಷರ. ನಡಿಗೆ ಎಷ್ಟು, ನೆಲ ಸಪಾಟೋ ಜಲ್ಲಿಯೋ, ಮಡಚುವ ವ್ಹೀಲ್‌ಚೇರ್ ನಡೆಯುತ್ತದೋ ಇಲ್ಲವೋ, ಬಸ್ಸಿನ ಮೆಟ್ಟಿಲು ತಾವೇ ಹತ್ತಬೇಕೋ, ಎಲ್ಲ ಇತ್ತು. ಕೆಲವು ಟೂರಿನ ಮುಂದೆ ಸೀದಾ ‘ಆಗುವುದಿಲ್ಲ’ ಎಂದೇ ಬರೆದಿದ್ದರು. ಆ ಖಡಾಖಂಡಿ ಮಾತೇ ನನಗೆ ಸೇರಿತು. ಆಗದ್ದನ್ನು ಮೊದಲೇ ತೆಗೆದುಹಾಕಿದ ಮೇಲೆ ಉಳಿದದ್ದನ್ನು ಅಂಜಿಕೆಯಿಲ್ಲದೆ ಆರಿಸಬಹುದು.

ಅವ್ವ ತಾನೇ ಕನ್ನಡಕ ಹಾಕಿಕೊಂಡು ಕೂತು ಆರಿಸಿದಳು. ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿ, ಯಾಕೆಂದರೆ ಅಲ್ಲಿ ನೋಡುವ ಜಾಗದವರೆಗೂ ಡಾಂಬರಿನ ಕಾಲುದಾರಿ. ಸ್ಕಾಗ್ವೇಯಲ್ಲಿ ವೈಟ್ ಪಾಸ್ ರೈಲು. ಚಿನ್ನದ ಹುಚ್ಚು ಹತ್ತಿದ್ದ ಕಾಲದಲ್ಲಿ, 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ಸಣ್ಣ ಹಳಿ, ಅಗಲ ಮೂರೇ ಅಡಿ. ಮುಂಚಿತವಾಗಿ ತಿಳಿಸಿದರೆ ಲಿಫ್ಟ್ ಇರುವ ಡಬ್ಬಿ ಕೊಡುತ್ತಾರೆ. ಘಟ್ಟದ ತುದಿ ಮುಟ್ಟಿದಾಗ ಆ ಟೂರಿನವರು ಯಾರೂ ಇಳಿಯುವುದಿಲ್ಲ. ಕೂತಲ್ಲೇ ಎದ್ದುನಿಂತು ಸೀಟಿನ ಬೆನ್ನನ್ನು ಆ ಕಡೆಗೆ ತಿರುಗಿಸಿಕೊಂಡರೆ ಆಯಿತು, ಗಾಡಿ ವಾಪಸು ಹೊರಡುತ್ತದೆ. ಅವ್ವನಿಗೆ ಹಿಮಕ್ಕಿಂತ ಇದು ಹೆಚ್ಚು ಹಿಡಿಸಿತು. ‘ಯಾರೂ ಇಳಿಯಂಗಿಲ್ಲ ಅಂದ್ರ ನನ್ನೊಬ್ಬಾಕಿನ್ನ ಬಿಟ್ಟು ಹೋಗೂ ಮಾತ ಇಲ್ಲ’ ಅಂದಳು.

ಬಿಟ್ಟು ಹೋಗುವ ಮಾತು ಯಾಕೆ ಬಂತೆಂದರೆ, ಹಳೆಯ ಗುಡಿಗಳ ಊರು ಲಕ್ಕುಂಡಿ. ಹಿಂದೊಮ್ಮೆ ಗದಗಿನ ಕಾಕಾನ ಮನೆಯಿಂದ ಎಲ್ಲರೂ ಟೆಂಪೋ ಮಾಡಿಕೊಂಡು ಹೋಗಿದ್ದೆವು. ಹೊರಡುವಾಗಲೇ ಅವ್ವ ಮೆಟ್ಟಿಲು ಎಷ್ಟಿವೆ ಎಂದು ಕೇಳಿದಳು. ‘ಏನಿಲ್ಲ ಬರ್ರಿ ವೈನಿ, ಒಂದೆರಡ ಅದಾವ. ನಾವದೇವಲ್ಲ!’ ಅಂದ ಕಾಕಾ. ಕಾಶಿವಿಶ್ವನಾಥನ ಗುಡಿ ಎತ್ತರದ ಜಗತಿಯ ಮೇಲಿದೆ. ಅವ್ವ ಅದರ ಬುಡದಲ್ಲಿ ನಿಂತು ಮೇಲೆ ನೋಡಿದಳು. ತಮ್ಮಂದಿರಿಬ್ಬರು ರಟ್ಟೆ ಹಿಡಿದರು, ಹಿಂದಿನಿಂದ ಒಬ್ಬರು ನೂಕಿದರು, ಸೀರೆ ನಿರಿಗೆ ಕಾಲಿಗೆ ಸಿಕ್ಕಿತು, ಉಳಿದ ಪ್ರವಾಸಿಗರು ನಿಂತು ನೋಡಿದರು. ಮೆಟ್ಟಿಲಿಳಿದು ನೋಡುವ ಮುಸುಕಿನ ಬಾವಿ ಹತ್ತಿರ ಬರುವ ಹೊತ್ತಿಗೆ ಅವ್ವನೇ ‘ನಾ ಗಾಡ್ಯಾಗ ಕೂಡ್ತೇನಿ, ನೀವು ನೋಡಿ ಬರ್ರಿ’ ಅಂದಳು. ಮಧ್ಯಾಹ್ನವೆಲ್ಲ ಡ್ರೈವರನ ಜೊತೆ ಕೂತು ಚುರುಮುರಿ ತಿಂದಳು. ನಾವು ಬಂದು ‘ಭಾಳ ಚಲೋ ಐತಿ, ನೀ ನೋಡಬೇಕಿತ್ತ’ ಅಂದೆವು.

ಎತ್ತಿಕೊಂಡು ಹೋಗುವವರಿಗೆ ಮೆಟ್ಟಿಲ ಲೆಕ್ಕ ಬೇಕಾಗುವುದಿಲ್ಲ, ಎತ್ತಿಸಿಕೊಳ್ಳುವವರಿಗೆ ಬೇಕು. ನಮ್ಮ ಕಡೆ ಇದು ಯಾರ ತಲೆಗೂ ಹೋಗುವುದಿಲ್ಲ. ಅತ್ತಿಮಬ್ಬೆ 1007ರಲ್ಲಿ ಅಲ್ಲಿ ಬಸದಿ ಕಟ್ಟಿಸುವಾಗ ಅವ್ವನ ಮೊಣಕಾಲು ನೆನೆಯಬೇಕಿತ್ತು ಎಂದು ನಾನೇನೂ ಹೇಳುತ್ತಿಲ್ಲ. ಕಲ್ಲು ಒಡೆದು ಇಳಿಜಾರು ಮಾಡಿರಿ ಎಂದೂ ಅಲ್ಲ. ಎಷ್ಟು ಮೆಟ್ಟಿಲು, ಎಷ್ಟೆತ್ತರ, ಹಿಡಿಯಲು ಏನಾದರೂ ಇದೆಯೇ, ಇಷ್ಟನ್ನು ಒಬ್ಬರು ಎಣಿಸಿ ಹೇಳಿದರೆ ಸಾಕು. ನಾವು ಅಳೆಯುವುದೇನಿದ್ದರೂ ದಾಖಲೆಗೆ. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದದ್ದು ಎಂದು ಬಂದವರಿಗೆಲ್ಲ ಹೇಳುತ್ತೇವೆ. ಅದನ್ನು ಕೇಳಿದ ಕೂಡಲೇ ಅವ್ವ ಕೇಳುವುದು ‘ನಮ್ಮ ಡಬ್ಬಿ ಎಲ್ಲಿ ನಿಲ್ತದ?’ ಎಂದು.

ಸಿಯಾಟಲ್‌ನ ಗೆಳೆಯನೊಬ್ಬ ಹಡಗಿನ ಸಣ್ಣಕ್ಷರದ ಕತೆ ಕೇಳಿ ನಕ್ಕ. ಇದೇನು ಕರುಣೆಯಲ್ಲೋ, ಕೋರ್ಟಿನ ಅಂಜಿಕೆ ಅಂದ. ಇರಬಹುದು. ಅಂಗವಿಕಲರ ಹಕ್ಕಿನ ಕಾನೂನು ಇಲ್ಲಿ 1990ರದ್ದು. ಬೇರೆ ದೇಶದ ಬಾವುಟ ಹಾರಿಸುವ ಹಡಗಾದರೂ ಅಮೆರಿಕದ ನೀರಿನಲ್ಲಿದ್ದರೆ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ. ನಮ್ಮಲ್ಲೂ 2016ರ ಕಾಯ್ದೆ ಇದೆ. ಅಂಜಿಕೆಯಿಂದಲೇ ಬರೆಯಲಿ, ಬರೆದರಲ್ಲ.

ಹಾಗೆಂದು ಇಲ್ಲಿಯದೆಲ್ಲ ಚಿನ್ನವಲ್ಲ, ಅದನ್ನೂ ಹೇಳಲೇಬೇಕು. ಹಡಗು ದಕ್ಕೆಗೆ ಹತ್ತದೆ ದೂರ ಲಂಗರು ಹಾಕಿದರೆ ಸಣ್ಣ ದೋಣಿಯಲ್ಲಿ ದಂಡೆಗೆ ಹೋಗಬೇಕು. ಅಲೆ ಜೋರಿದ್ದರೆ ವ್ಹೀಲ್‌ಚೇರಿನವರು ಹಡಗಿನಲ್ಲೇ ಉಳಿಯುತ್ತಾರೆ, ಎತ್ತಿ ಕೂರಿಸುವುದು ಸಿಬ್ಬಂದಿಯ ನಿಯಮದಲ್ಲಿಲ್ಲ. ನಮ್ಮ ತಮ್ಮಂದಿರಾಗಿದ್ದರೆ ನಿಯಮ ಕೇಳುತ್ತಿರಲಿಲ್ಲ. ಟೂರಿನ ದರವೋ, ಕೇಳಿದರೆ ಹೊಟ್ಟೆ ಉರಿಯುತ್ತದೆ. ಹೊರಗೆ ಅಗ್ಗಕ್ಕೆ ಸಿಗುತ್ತವೆ, ಆದರೆ ತಡವಾದರೆ ಹಡಗು ನಿಲ್ಲುವುದು ತನ್ನ ಟೂರಿನವರಿಗೆ ಮಾತ್ರ. ಅವ್ವನ ನಡಿಗೆಗೆ ಆ ಜೂಜು ಆಡಲಾರೆ.

ಇನ್ನೊಂದು ಮಾತು ಅವ್ವನೇ ನೆನಪಿಸಿದ್ದು. ಧಾರವಾಡದ ತಂಗಿಯ ಮನೆಗೆ ಅವಳು ಒಬ್ಬಳೇ ಹೋಗಿಬರುವುದು ಚಿಗರಿಯಲ್ಲಿ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ಬಸ್ಸಿನಲ್ಲಿ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲೇ ಇಲ್ಲ. ರಸ್ತೆ ನಡುವಿನ ನಿಲ್ದಾಣಕ್ಕೆ ಮುಟ್ಟುವವರೆಗೆ ಜೀವ ಕೈಯಲ್ಲಿ ಹಿಡಿಯಬೇಕು, ಆ ಮಾತು ಬೇರೆ. ‘ಎಲ್ಲಾ ನಿಮ್ಮ ದೇಶದಾಗ ಐತಿ ಅನಬ್ಯಾಡ’ ಅಂದಳು.

ಡಿಸೆಂಬರಿಗೆ ಊರಿಗೆ ಹೊರಟಿದ್ದೇವೆ. ಈ ಸಲ ಡಂಬಳದ ದೊಡ್ಡಬಸಪ್ಪನ ಗುಡಿ ನೋಡಬೇಕೆಂದು ಅವ್ವನ ಆಸೆ. ಹೊರಗಿನಿಂದ ಒಳಗಿನವರೆಗೆ ಮೆಟ್ಟಿಲು ಎಣಿಸಿ ಹೇಳು ಎಂದು ಕಾಕಾನ ಮಗನಿಗೆ ಫೋನ್ ಮಾಡಿದೆ. ‘ನೀ ಮೊದಲ ಬಾರೋ ಅಣ್ಣಾ, ಆಮ್ಯಾಲ ನೋಡೂಣು’ ಅಂದ.