ಶೋಕೇಸಿನ ಗಾಜು

ಶೋಕೇಸಿನ ಗಾಜು ಮತ್ತೆ ಸಿಕ್ಕಿಹಾಕಿಕೊಂಡಿದೆ. ನಾಲ್ಕು ಬೆರಳು ಸರಿದು ನಿಂತುಬಿಟ್ಟಿತು. ಅತ್ತಲೂ ಹೋಗದು, ಇತ್ತಲೂ ಬಾರದು.

ಊರಿನ ಹಿತ್ತಲ ಹಲಸನ್ನು ಕುಯ್ಸಿ ಮಾಡಿಸಿದ್ದು. ಚೇಳೂರಿನ ಸಿದ್ದು ಹಲಸಿನಂಥ ಹೆಸರುವಾಸಿ ಮರವೇನಲ್ಲ, ಬರೀ ಅಂಟು. ಹಲಗೆ ಮಾತ್ರ ಅರಿಸಿನ ಬಳಿದಂತಿತ್ತು, ಈಗ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಗಾಜು ಓಡಲು ಅಲ್ಯೂಮಿನಿಯಂ ಚಾನಲ್ ಹಾಕಿ ಅಂದೆ. “ಮರದ ಕೆಲಸಕ್ಕೆ ತಗಡು ಯಾಕೆ ಮೇಷ್ಟ್ರೇ?” ಎಂದು ಆಚಾರ್ರು ಮರದಲ್ಲೇ ಸಂದು ಕೊರೆದರು. ಮಳೆಗೆ ಮರ ಊದಿತು. ಫೋನ್ ಮಾಡಿದರೆ, “ಹಲಗೆ ಇನ್ನೊಂದು ಬೇಸಿಗೆ ಒಣಗಲಿ ಅಂತ ನಾನು ಅವತ್ತೇ ಅಂದಿದ್ನಲ್ಲ?” ಅಂದರು.

ಅಂದಿರಲಿಲ್ಲ.

ಮೇಲಿನ ತಟ್ಟಿನಲ್ಲಿ ಸಿದ್ಧಗಂಗೆಯ ಶ್ರೀಗಳ ಫೋಟೊ, ಅದರ ಕೆಳಗೆ ನಮ್ಮ ಮದುವೆಯದು. ಮಿಕ್ಕ ಜಾಗವೆಲ್ಲ ಸ್ಮರಣಿಕೆಗಳ ಪಾಲು. ಸನ್ಮಾನಕ್ಕೆ ಕರೆದವರು ಒಂದು ತೆಂಗಿನ ಸಸಿ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಎಳನೀರು ಕುಡಿಯುತ್ತಿದ್ದೆ. ಕೊಟ್ಟದ್ದು ಚಿನ್ನದ ಬಣ್ಣದ ಪ್ಲಾಸ್ಟಿಕ್ಕು. ಒಂದರಲ್ಲಂತೂ ‘ಸನ್ಮಾನ್ಯ ಶಿಕ್ಷಕರಿಗೆ’ ಎಂದಿರಬೇಕಾದಲ್ಲಿ ‘ಸಾಮಾನ್ಯ ಶಿಕ್ಷಕರಿಗೆ’ ಎಂದು ಅಚ್ಚಾಗಿದೆ. ಹೆಂಡತಿ ಅದನ್ನೇ ಮುಂದಿನ ಸಾಲಿಗೆ ಇಟ್ಟಿದ್ದಾಳೆ.

ಅವುಗಳ ಹಿಂದೆ ಅಪ್ಪನ ಎಚ್‌ಎಂಟಿ ಜನತಾ ವಾಚು. 1978ರಲ್ಲಿ ತುಮಕೂರಿಗೇ ವಾಚಿನ ಕಾರ್ಖಾನೆ ಬಂದ ಮೇಲೆ ಬೇರೆ ವಾಚು ಕಟ್ಟುವುದು ಅಪ್ಪನಿಗೆ ಊರಿಗೆ ಮಾಡುವ ದ್ರೋಹದಂತೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಪಂಚೆಯ ಚುಂಗಿನಿಂದ ಗಾಜು ಒರೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ತಿರುಪು ಹಿಡಿದು ಕೀ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿಲ್ಲ, ಹಾಲಿನವನೂ ಕಾಯಬೇಕು. ಸ್ಪ್ರಿಂಗು ಬಿಗಿಯಾಯಿತು ಅನ್ನಿಸಿದ ಕೂಡಲೇ ಕೈ ಬಿಡುವರು. ನಾನೊಮ್ಮೆ ಕದ್ದು ಇನ್ನೊಂದು ಸುತ್ತು ಜಾಸ್ತಿ ಕೊಟ್ಟೆ. ವಾಚಿಗೆ ಏನೂ ಆಗಲಿಲ್ಲ, ನನ್ನ ಕಿವಿಗೆ ಆಯಿತು. 2016ರಲ್ಲಿ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವಾದಾಗ ಅಪ್ಪ ಪೇಪರನ್ನು ನಾಲ್ಕಾಗಿ ಮಡಚಿಟ್ಟು, ಎಂದಿನಂತೆ ಕೀ ಕೊಟ್ಟರು.

ಅವರು ಹೋದ ಮೇಲೆ ಆ ಕೆಲಸ ನನ್ನದು. ದಿನಾ ಗಾಜು ಸರಿಸಿ, ಮೂರು ಸ್ಮರಣಿಕೆ ಪಕ್ಕಕ್ಕಿಟ್ಟು, ಕೀ ಕೊಟ್ಟು, ಮತ್ತೆ ಮೂರನ್ನೂ ಜೋಡಿಸುವುದು. ವಾಚನ್ನು ಮುಂದಕ್ಕೇ ಇಡಬಹುದಲ್ಲ ಅನ್ನುತ್ತೀರಿ. ಮನೆಯಲ್ಲಿ ಅಂದು ನೋಡಿ.

ಗಾಜು ಸಿಕ್ಕಿ ಮೂರು ದಿನವಾಯಿತು. ಸಂದಿಗೆ ಮೇಣದಬತ್ತಿ ಉಜ್ಜಿದೆ, ಕೊಬ್ಬರಿ ಎಣ್ಣೆ ಬಿಟ್ಟೆ. ಎಣ್ಣೆಗೆ ಇರುವೆ ಬಂದವು, ಗಾಜು ಕದಲಲಿಲ್ಲ. “ಸಂಕ್ರಾಂತಿ ಹೊತ್ತಿಗೆ ಮರ ಒಣಗಿ ತಾನೇ ಸರಿಹೋಗ್ತದೆ ಬಿಡಿ” ಅಂತಾರೆ ಆಚಾರ್ರು.

ನಿನ್ನೆ ಬಂದ ಬೀಗರು ಶೋಕೇಸನ್ನು ಬಗ್ಗಿ ನೋಡಿದರು. ಶ್ರೀಗಳಿಗೆ ಕೈ ಮುಗಿದರು. ‘ಸಾಮಾನ್ಯ ಶಿಕ್ಷಕರಿಗೆ’ಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಜೇಬಿನಿಂದ ಮೊಬೈಲು ತೆಗೆದು ನೋಡಿ, “ನಿಮ್ಮ ವಾಚು ನಾಲ್ಕೂ ಹತ್ತಕ್ಕೆ ನಿಂತಿದೆಯಲ್ಲ ಮೇಷ್ಟ್ರೇ, ಸೆಲ್ ಹಾಕಿಸಬಾರದೇ?” ಅಂದರು.