ದಪ್ಪ ಹಗ್ಗ ಕೇಳುವವರಿಗೆ ಒಂದು ಮಾತು

ದಾವಣಗೆರೆಯಲ್ಲಿ ಹಗ್ಗ, ತಾಡಪಾಲು ಮಾರುವವನಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಕೇಳಬಹುದು. ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಮಲ್ಪೆಯಲ್ಲಿ ಟ್ರಾಲ್ ಬೋಟಿನ ಪಾಲುದಾರ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಟಿವಿಯಲ್ಲಿ ಬಂದರೆ ಸಾಕು, ಅವನ ಫೋನ್ ಬರುತ್ತದೆ. "ಮಾರಾಯ, ದಪ್ಪದ್ದು ಹಗ್ಗ ಉಂಟಾ?" ಮಲ್ಪೆಯಲ್ಲಿ ಹಗ್ಗದ ಅಂಗಡಿಗೇನು ಬರವಿಲ್ಲ. ಆದರೂ ನನ್ನನ್ನೇ ಕೇಳುತ್ತಾನೆ, ನಾನೂ ಪ್ರತಿ ಸಲ ಜಗಳ ಆಡುತ್ತೇನೆ.

ಬಿರುಗಾಳಿಗೆ ಅಂತ ಬಂದರಿನಲ್ಲಿ ಕಟ್ಟಿಟ್ಟ ಬೋಟು, ಹಗ್ಗ ತೆಳ್ಳಗಿತ್ತು ಅನ್ನೋ ಒಂದೇ ಕಾರಣಕ್ಕೆ ಕಿತ್ತುಕೊಂಡು ಹೋಗುವುದು ಕಡಿಮೆ. ಹಗ್ಗ ಉಜ್ಜಿ ಉಜ್ಜಿ ಹೋಗುತ್ತದೆ. ಗಿಡ್ಡ ಕಟ್ಟಿದ್ದಕ್ಕೆ ಹೋಗುತ್ತದೆ. ಎಲ್ಲ ಹಗ್ಗವನ್ನೂ ಒಂದೇ ಗೂಟಕ್ಕೆ ಸುತ್ತಿದ್ದಕ್ಕೆ ಹೋಗುತ್ತದೆ. ಇದನ್ನು ಬಿಟ್ಟು ದಪ್ಪದ ಲೆಕ್ಕ ಮಾತ್ರ ಹಾಕಿದರೆ ದುಡ್ಡು ದಂಡ. ಹಗ್ಗ ಮಾರುವವನೇ ಹೀಗೆ ಹೇಳುತ್ತಿದ್ದೇನೆ, ನಂಬಿ.

ಮೊದಲು ಉಜ್ಜುವ ವಿಷಯ. ಬೋಟಿನ ಅಂಚಿಗೆ, ದಕ್ಕೆಯ, ಅಂದರೆ ಬೋಟು ನಿಲ್ಲಿಸುವ ಕಟ್ಟೆಯ, ಸಿಮೆಂಟಿನ ಮೂಲೆಗೆ ಹಗ್ಗ ತಾಗುವ ಜಾಗ ಇರುತ್ತದಲ್ಲ, ಅಲ್ಲಿ ಕೈಯಿಟ್ಟು ನೋಡಿ. ಮೊದಲು ನೂಲೆದ್ದು ಜುಂಗು ಜುಂಗಾಗಿರುತ್ತದೆ. ಇನ್ನೂ ಸವೆದರೆ ನೈಲಾನ್ ಬಿಸಿಗೆ ಕರಗಿ, ಮತ್ತೆ ಗಟ್ಟಿಯಾಗಿ, ಉಗುರಿಗೆ ಗಾಜಿನ ಥರ ಸಿಗುತ್ತದೆ. ಆ ಹಂತಕ್ಕೆ ಬಂದ ಹಗ್ಗವನ್ನು ಬಿರುಗಾಳಿಗೆ ನಂಬಬೇಡಿ, ಹೊರಗಿನ ಎಳೆಗಳು ಒಂದೊಂದಾಗಿ ಕಿತ್ತುಕೊಂಡು ಬರುತ್ತವೆ. ಇದಕ್ಕೆ ಮದ್ದು ಬಹಳ ಅಗ್ಗ. ಹಳೇ ಫೈರ್ ಎಂಜಿನ್ ಪೈಪು, ಅದೇ ದಪ್ಪ ಬಟ್ಟೆಯದ್ದು, ಮೊಳದುದ್ದ ಕತ್ತರಿಸಿ ಹಗ್ಗಕ್ಕೆ ತೊಡಿಸಿ, ಜಾರದ ಹಾಗೆ ಎರಡೂ ತುದಿಗೆ ಸಣ್ಣ ದಾರ ಬಿಗಿಯಬೇಕು. ತೋಟದ ಪ್ಲಾಸ್ಟಿಕ್ ಪೈಪ್ ಹಾಕುವವರಿದ್ದಾರೆ. ಏನೂ ಇಲ್ಲದ್ದಕ್ಕಿಂತ ವಾಸಿ ಅಷ್ಟೇ. ಅದು ಬಿಗಿಯಾಗಿದ್ದರೆ ಒಳಗೆ ಬಿಸಿ ಕೂರುತ್ತದೆ. ಒಳಗೆ ರಬ್ಬರ್ ಇಲ್ಲದ ಬಟ್ಟೆಯದ್ದಾದರೆ ಮಳೆ ನೀರು ಒಳಗಿಳಿದು ಹಗ್ಗ ತಣ್ಣಗಿರುತ್ತದೆ.

ಎರಡನೆಯದು ಉದ್ದ. ಮೆಕ್ಕೆಜೋಳದ ಲಾರಿಗೆ ಲೋಡು ಬಿಗಿದ ಹಾಗೆ ಬೋಟನ್ನು ದಕ್ಕೆಗೆ ಬಿಗಿಯುತ್ತಾರೆ. ಲೋಡು ಅಲುಗಬಾರದು, ಸರಿ. ಬೋಟು ಅಲುಗಲೇಬೇಕು. ಕೆಳಗಿನ ನೀರು ಸುಮ್ಮನೆ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೆರಡು ಮೀಟರ್ ಒಳಗೇ ಇರುತ್ತದೆ. ಆದರೆ ಚಂಡಮಾರುತ ಬಂದಾಗ ಗಾಳಿ ನೀರನ್ನು ದಡಕ್ಕೆ ತಳ್ಳಿ ಅದರ ಮೇಲೆ ಇನ್ನೂ ಏರಿಸುತ್ತದೆ. ಗಿಡ್ಡ ಹಗ್ಗದ ಬೋಟು ಆಗ ಮೇಲೇಳಲಾರದೆ ಒಂದು ಬದಿಗೆ ವಾಲುತ್ತದೆ, ಇಲ್ಲವೇ ಗೂಟವನ್ನೇ ಕಿತ್ತುಕೊಳ್ಳುತ್ತದೆ. ನೈಲಾನಿನ ಗುಣವೇ ಹಿಗ್ಗುವುದು. ಜೋರಾಗಿ ಜಗ್ಗಿದರೆ ಹತ್ತಡಿ ಹಗ್ಗ ಒಂದಡಿಗಿಂತ ಜಾಸ್ತಿ ಹಿಗ್ಗಿ ಏಟು ನುಂಗಿಕೊಳ್ಳುತ್ತದೆ. ಹಗ್ಗ ಉದ್ದ ಇದ್ದಷ್ಟೂ ಹಿಗ್ಗುವುದಕ್ಕೆ ಜಾಗ. ಹಾಗಾಗಿ ಮೂತಿಯಿಂದ ಹಿಂದಕ್ಕೆ, ಹಿಂಬದಿಯಿಂದ ಮುಂದಕ್ಕೆ ಓರೆಯಾಗಿ ಉದ್ದುದ್ದ ಹಗ್ಗ ಹಾಕಬೇಕು, ಬೇರೆ ಬೇರೆ ಗೂಟಕ್ಕೆ. ಪ್ಲಾಸ್ಟಿಕ್ ಹಗ್ಗ ಅಂತೀವಲ್ಲ, ಪಿಪಿ, ಅದು ಅಗ್ಗ, ನೀರಲ್ಲಿ ತೇಲುತ್ತದೆ, ಆದರೆ ನೈಲಾನಿನಷ್ಟು ಹಿಗ್ಗುವುದಿಲ್ಲ. ಬಿಸಿಲಿಗೆ ಪುಡಿಪುಡಿ ಆಗುತ್ತದೆ. ಇನ್ನು ಗಂಟು ಹಾಕಿದ ಕಡೆ ಯಾವುದೇ ಹಗ್ಗದ ಬಲ ಅರ್ಧದ ಹತ್ತಿರಕ್ಕೂ ಇಳಿಯಬಹುದು. ಎಳೆ ಬಿಚ್ಚಿ ಹಗ್ಗದೊಳಗೇ ಹೆಣೆದು ಮಾಡಿದ ಕಣ್ಣು, ಅಂದರೆ ಕುಣಿಕೆ, ಅದಕ್ಕಿಂತ ಎಷ್ಟೋ ಮೇಲು. ಆ ಹೆಣಿಗೆ ಗೊತ್ತಿರುವ ಹಳಬರು ಬಂದರುಗಳಲ್ಲಿ ಇದ್ದಾರೆ. ಕೇಳುವ ಹುಡುಗರು ಬೇಕು.

ಗಾಳಿಯ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ವೇಗ ದುಪ್ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. 50 ಕಿಲೋಮೀಟರ್ ಗಾಳಿಗೆ ನಿಂತ ಹಗ್ಗ 100ಕ್ಕೂ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಅದಕ್ಕೇ ಬೋಟಿನ ಮೇಲಿನ ತಾಡಪಾಲು, ಬಲೆ ರಾಶಿ, ಬಾವುಟ ಎಲ್ಲ ಮೊದಲೇ ಇಳಿಸಬೇಕು. ಗಾಳಿಗೆ ಸಿಗುವ ಮೈ ಕಡಿಮೆ ಆದಷ್ಟೂ ಹಗ್ಗಕ್ಕೆ ಹಗುರ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕಿದೆ, ಅದು ಬೋಟಿನವರ ಕೈಯಲ್ಲಿಲ್ಲ. ದಕ್ಕೆಯಲ್ಲಿ ಜಾಗ ಸಾಲದೆ ಬೋಟಿಗೆ ಬೋಟು ಕಟ್ಟಿ ಸಾಲು ಸಾಲು ನಿಲ್ಲಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುವಾಗಲಂತೂ ಕೇಳಲೇಬೇಡಿ. ಹೊರಗಿನ ಬೋಟುಗಳ ಭಾರವೆಲ್ಲ ದಡದ ಬೋಟಿನ ಹಗ್ಗದ ಮೇಲೆ. ಅದೊಂದು ಕಿತ್ತರೆ ಇಡೀ ಸಾಲು ಕದಲುತ್ತದೆ. ಗಾಳಿ ನಿಂತ ಮೇಲೆ ಪರಿಹಾರ ಘೋಷಿಸುವ ಸರ್ಕಾರ, ಅದಕ್ಕೆ ಮೊದಲೇ ಗಟ್ಟಿ ಗೂಟ, ಹೆಚ್ಚು ದಕ್ಕೆ ಕೊಟ್ಟರೆ ಕಡಿಮೆ ಖರ್ಚಲ್ವಾ?

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬಿರುಗಾಳಿ ರಾತ್ರಿ ಕಾವಲಿಗೆ ಅಂತ ಬೋಟಿನಲ್ಲೇ ಕೆಲಸಗಾರರನ್ನು ಮಲಗಿಸುವುದು. ಅವರಲ್ಲಿ ಎಷ್ಟೋ ಜನ ಒಡಿಶಾ, ಆಂಧ್ರದಿಂದ ಬಂದವರು, ಹೋಗಲು ಬೇರೆ ಮನೆಯೂ ಇರುವುದಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿರಬೇಕು. ಮುಂಬೈ ಆಚೆ ಸಮುದ್ರದಲ್ಲಿ ಲಂಗರು ಹಾಕಿ ನಿಂತಿದ್ದ ಪಿ-305 ಅನ್ನೋ ಬಾರ್ಜ್‌ನಲ್ಲಿ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯಲ್ಲಿ, 261 ಜನ ಇದ್ದರು. ಲಂಗರು ಕಿತ್ತುಹೋಯಿತು, ಬಾರ್ಜ್ ಮುಳುಗಿತು, ಹತ್ತಾರು ಜನ ಸತ್ತರು. ಅದು ನಡುಸಮುದ್ರ, ಇದು ಬಂದರು, ನಿಜ. ಆದರೂ ಕತ್ತಲಲ್ಲಿ ಎರಡು ಬೋಟುಗಳ ನಡುವೆ ಕಾಲು ಸಿಕ್ಕಿದರೆ ಬಂದರಾದರೇನು? ಜಗ್ಗಿ ನಿಂತ ನೈಲಾನ್ ಹರಿದು ವಾಪಸ್ ಹೊಡೆದರೆ ಮೂಳೆ ಮುರಿಯುತ್ತದೆ. ಬೋಟಿಗೆ ವಿಮೆ ಮಾಡಿಸಬಹುದು. ಆ ಹುಡುಗರನ್ನು ಸಂಜೆಯೇ ದಡಕ್ಕೆ ಇಳಿಸಿ, ಶಾಲೆಯೋ ಸಭಾಭವನವೋ ತೆಗೆದುಕೊಡಿ.

ನಮ್ಮ ಕಡೆಯೂ ಸ್ವಲ್ಪ ನೋಡಿಕೊಳ್ಳಬೇಕು. ಏಪ್ರಿಲ್, ಮೇನಲ್ಲಿ ಚನ್ನಗಿರಿ ಕಡೆ ಅಡಿಕೆ, ಬಾಳೆ ಮಲಗಿಸುವ ಗಾಳಿ ಸೂಳೆಕೆರೆಯ ದೋಣಿಯನ್ನು ಬಿಡುತ್ತದಾ? ತೆಪ್ಪದವರು ಜಾಣರು, ದಡಕ್ಕೆಳೆದು ಮಗುಚಿ ಹಾಕುತ್ತಾರೆ, ಅದಕ್ಕಿಂತ ಭದ್ರ ಯಾವುದೂ ಇಲ್ಲ. ದೊಡ್ಡ ದೋಣಿಯವರು, ಗೂಟ ನೀರು ಏರಿದರೂ ಮುಳುಗದ ಜಾಗದಲ್ಲಿದೆಯಾ ನೋಡಿಕೊಳ್ಳಬೇಕು. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ದಡವೆಲ್ಲ ನೀರೊಳಗೆ ಹೋಯಿತು.

ಅಂದ ಹಾಗೆ, ಹಳೇ ಫೈರ್ ಪೈಪು ಗುಜರಿಗೆ ಹಾಕುವವರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ತೂತು ಬಿದ್ದದ್ದಾದರೂ ನಡೆಯುತ್ತದೆ. ನಾನೇ ಬಂದು ತಗೊಂಡು ಹೋಗಿ, ಕತ್ತರಿಸಿ, ಉಡುಪಿ ಬಸ್ಸಿಗೆ ಹಾಕುತ್ತೇನೆ.